ಗುಜರಿ ರಾಶಿಯಲ್ಲಿದ್ದ ಕನ್ನಡ ರೀಲು

ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮರುವರ್ಷ ನಾನು ಹೈದರಾಬಾದಿನ ಒಂದು ದೊಡ್ಡ ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ವಿಭಾಗದ ಗ್ರಂಥಪಾಲಕನಾಗಿದ್ದೆ. ಹಳೆಯ ಪತ್ರಿಕೆಗಳ ಪುಟಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಚಿತ್ರ ತೆಗೆದು ರೀಲಿನಲ್ಲಿ ಸುತ್ತಿಡುವುದೇ ಮೈಕ್ರೋಫಿಲ್ಮ್. ಅದನ್ನು ಓದಲು ರೀಡರ್ ಎಂಬ ಯಂತ್ರ ಬೇಕು: ಒಳಗೊಂದು ದೀಪ, ಮೇಲೊಂದು ಲೆನ್ಸ್, ಎದುರಿಗೆ ಪರದೆ. ರೀಲುಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಒಂದು ಏಜೆನ್ಸಿಗೆ ವಹಿಸಲಾಗಿತ್ತು. ಅದು ಮುಗಿಯಿತೆಂದು, ಉಳಿದಿದ್ದ ಒಂದೇ ರೀಡರನ್ನೂ ಫಿಲ್ಮನ್ನೂ ಗುಜರಿಗೆ ಹಾಕಲು ನಮ್ಮ ಮೇಲಧಿಕಾರಿ ಆದೇಶ ಹೊರಡಿಸಿದ್ದರು.

ಆ ವಾರವೇ ನಗರದ ಕೂಕಟ್‌ಪಲ್ಲಿ ಬಡಾವಣೆಯಿಂದ ನಲವತ್ತರ ಆಸುಪಾಸಿನ ಮಹಾದೇವಿ ಎಂಬವರು ಬಂದರು. ಅವರ ತಂದೆ ಬೀದರ್ ಕಡೆಯಿಂದ ಬಂದು ಜೀಡಿಮೆಟ್ಲಾದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದವರು. ಬಾಯ್ಲರ್ ಸಿಡಿದು ಅವರು ತೀರಿಕೊಂಡಾಗ ಈಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು.

“ನಮ್ಮಪ್ಪನ ಮಾರಿ ನಾ ನೋಡೇ ಇಲ್ರಿ ಸರ. ಮನ್ಯಾಗ ಒಂದೂ ಫೋಟೋ ಇಲ್ಲ. ಕನ್ನಡ ಪೇಪರಿನ್ಯಾಗ ಬಂದಿತ್ತು ಅಂತ ನಮ್ಮ ಕಾಕಾ ಹೇಳ್ತಿದ್ದ.”

ಪತ್ರಿಕೆಯ ಹೆಸರು, ತಿಂಗಳು ಅವರಿಗೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಪತ್ರಿಕೆಯ ಅಷ್ಟೂ ರೀಲುಗಳ ಮುಂದೆ ‘ಓದಲಾಗದು, ಕೈಬಿಡಲಾಗಿದೆ’ ಎಂದಿತ್ತು. ಅಧಿಕಾರಿಯ ಬಳಿ ಹೋದೆ. ಅವರು ತಲೆಯನ್ನೂ ಎತ್ತದೆ, “ಛೋಡಿಯೇ ಸಾಬ್, ಫಿಲ್ಮ್ ಖರಾಬ್ ಹೋ ಗಯಾ” ಎಂದರು.

ಫಿಲ್ಮ್ ಹಾಳಾಗಿದೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ಆ ಫಿಲ್ಮನ್ನು ವರ್ಷಗಟ್ಟಲೆ ಒರೆಸಿ ಇಟ್ಟವನು ನಾನೇ. ಗುಜರಿ ರಾಶಿಯಿಂದ ರೀಲು ಎಳೆದು ತಂದು ರೀಡರಿಗೆ ಹಾಕಿದೆ. ಒಂದಕ್ಷರವೂ ಮಾಸಿರಲಿಲ್ಲ. ಏಜೆನ್ಸಿಯವರು ಬಿಟ್ಟುಹೋಗಿದ್ದ ನಮೂನೆ ಚಿತ್ರಗಳನ್ನು ತೆರೆದಾಗ ಮಾತ್ರ ಮೈಯೆಲ್ಲ ಉರಿದುಹೋಯಿತು. ಫಿಲ್ಮನ್ನು ಮಗುಚಿ ಹಾಕಿ ಸ್ಕ್ಯಾನ್ ಮಾಡಿದ್ದರು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದ್ದವು. ತೆಲುಗಾಗಿದ್ದರೆ ಮೊದಲ ಪುಟಕ್ಕೇ ಅವರಿಗೆ ತಿಳಿಯುತ್ತಿತ್ತು. ಕನ್ನಡ ಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ, ತಮ್ಮದಲ್ಲದ ಲಿಪಿಯೆಂದು ಪುಟಗಳನ್ನು ಯಾರೂ ಗಮನವಿಟ್ಟು ನೋಡಿಯೂ ಇರಲಿಲ್ಲ. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಓದಲಾಗದು ಎಂದಿತು, ಇವರು ತಥಾಸ್ತು ಎಂದರು. ಪಕ್ಕದ ಕೋಣೆಯಲ್ಲೇ ಕಲಬುರಗಿಯವನಾದ ನಾನು ಕೂತಿದ್ದೆ. ಬಂದು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮಹಾದೇವಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಡಿಕೆ ತಿರುಗಿಸುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿಯೂ ಫೋಟೋವೂ ಸಿಕ್ಕವು. ನೆಗೆಟಿವ್ ಆದ್ದರಿಂದ ಮುಖ ಕಪ್ಪಗೆ, ಮೀಸೆ ಬೆಳ್ಳಗೆ ಕಾಣುತ್ತಿತ್ತು. ಆಕೆ ಸಪ್ಪಗಾದರು. ಪರದೆಯನ್ನು ಅವರದೇ ಮೊಬೈಲಿನಲ್ಲಿ ಸೆರೆಹಿಡಿದು, ಕಪ್ಪು ಬಿಳುಪು ಅದಲುಬದಲು ಮಾಡಿ ಕೈಗೆ ಕೊಟ್ಟೆ. ಅವರು ಮುಖವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು.

“ಇಷ್ಟು ಸಣ್ಣಾಂವ ಇದ್ದನೇನ್ರಿ ನಮ್ಮಪ್ಪ? ನನ್ನ ಮಗನ ವಾರಗಿಯಂವ ಕಾಣ್ತಾನಲ್ರಿ!”

ಅಧಿಕಾರಿಯನ್ನು ಎಳೆದುಕೊಂಡೇ ಬಂದು ಪರದೆಯನ್ನೂ ಏಜೆನ್ಸಿಯ ಚಿತ್ರವನ್ನೂ ತೋರಿಸಿದೆ. ಒಬ್ಬರಿಗೋಸ್ಕರ ಇಷ್ಟೆಲ್ಲ ಇಟ್ಟುಕೊಳ್ಳಬೇಕೇ ಎಂದು ಗೊಣಗಿದರು. ಆಕೆಗೆ ಇದ್ದ ಅಪ್ಪನೂ ಒಬ್ಬನೇ ಎಂದು ಗಟ್ಟಿಯಾಗಿಯೇ ಹೇಳಿದೆ. ಗುಜರಿ ಆದೇಶ ರದ್ದಾಯಿತು, ಕನ್ನಡ ರೀಲುಗಳ ಸ್ಕ್ಯಾನಿಂಗ್ ಮತ್ತೆ ನಡೆಯಿತು. ಆ ಸಲ ಪ್ರತಿ ರೀಲನ್ನೂ ನಾನೇ ಕೂತು ನೋಡಿದೆ.

ನಕಲು ತೆಗೆದ ಮೇಲೆ ಆ ಭಾಷೆ ಬಲ್ಲವರೊಬ್ಬರು ಓದಿ ಸರಿ ಎನ್ನುವವರೆಗೆ ಮೂಲವನ್ನು ಬಿಸಾಡಬಾರದು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ. ಆದರೂ ಸಿಟ್ಟು ಇಂದಿಗೂ ಇಳಿದಿಲ್ಲ. ಮಹಾದೇವಿ ಒಂದು ವಾರ ತಡವಾಗಿ ಬಂದಿದ್ದರೆ, ಅವರ ಅಪ್ಪನ ಮುಖ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿರುತ್ತಿತ್ತು.