ಮುಟ್ಟಬಾರದ ಆರು ಮನೆಗಳು

ಅವಳಿಗೆ ಲೋಡಕ್ಕ ಎಂಬ ಹೆಸರು ಬಂದದ್ದು ವಿದ್ಯುತ್ ಕಚೇರಿಯಲ್ಲಿ ಲೋಡ್ ತಗ್ಗಿಸುವ ಕೆಲಸದಿಂದ. ಬಿಸಿಲು ಇಳಿದು ಚಾವಣಿಗಳ ಸೋಲಾರ್ ಫಲಕಗಳು ಸುಮ್ಮನಾಗುವ ಹೊತ್ತಿಗೇ ಜನ ಮನೆಗೆ ಬಂದು ಕಾರುಗಳನ್ನು ಚಾರ್ಜಿಗೆ ಹಾಕುತ್ತಾರೆ, ಕರೆಂಟ್ ಒಲೆ ಹಚ್ಚುತ್ತಾರೆ. ಟ್ರಾನ್ಸ್‌ಫಾರ್ಮರ್ ಕಾಯತೊಡಗುತ್ತದೆ. ಹಿಂದೆಲ್ಲ ಇಡೀ ಬೀದಿಯೇ ಕತ್ತಲಾಗುತ್ತಿತ್ತು. ಈಗ ಲೋಡಕ್ಕ ಪರದೆಯ ಮುಂದೆ ಕೂತು ಒಂದು ಮನೆಯ ಗೀಸರ್ ನಿಲ್ಲುವಷ್ಟು, ಇನ್ನೊಂದು ಮನೆಯ ಕಾರು ನಿಲ್ಲುವಷ್ಟು, ಮನೆಗಳ ಕರೆಂಟನ್ನೇ ಅಷ್ಟಷ್ಟು ತಗ್ಗಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ.

"ಲೋಡಕ್ಕ, ನಮ್ಮನೆ ಗೀಸರ್ ನಿಮಗೇನು ಮಾಡಿತ್ತು?" ಎಂದು ಬೀದಿಯ ದರ್ಜಿ ಕೆಣಕುತ್ತಿದ್ದ.

"ಬೆಳಿಗ್ಗೆ ಸ್ನಾನ ಮಾಡಿ. ಯಾರೂ ಬೇಡ ಅನ್ನಲ್ಲ."

ಪ್ರತಿ ಟ್ರಾನ್ಸ್‌ಫಾರ್ಮರಿನ ಪಟ್ಟಿಯಲ್ಲೂ ಮುಟ್ಟಬಾರದ ಮನೆಗಳಿಗೆ ಆರೇ ಜಾಗ. ಅಲ್ಲಿ ಯಾರಾದರೂ ಯಂತ್ರದ ಬಲದಿಂದ ಉಸಿರಾಡುತ್ತಿರುತ್ತಾರೆ. ಅವಳ ಬೀದಿಯ ಪಟ್ಟಿಯಲ್ಲಿ ನಾಲ್ಕನೆಯದು ಅವಳದೇ ಮನೆ. "ಊರಿಗೆಲ್ಲ ಕತ್ತರಿ ಹಾಕ್ತೀಯ, ನನ್ನೊಬ್ಬನಿಗೆ ಹೆದರ್ತೀಯ" ಎಂದು ಗಂಡ ಮೂಗಿನ ಕೊಳವೆ ಸರಿಪಡಿಸಿಕೊಳ್ಳುತ್ತ ನಗುತ್ತಿದ್ದ.

ಅವನು ಹೋಗಿ ಇಪ್ಪತ್ತಾರು ದಿನ. ಯಂತ್ರವನ್ನು ಆಸ್ಪತ್ರೆಯವರು ಒಯ್ದಾಗಿತ್ತು. ಪಟ್ಟಿಯಲ್ಲಿ ಮನೆ ಉಳಿದಿತ್ತು. ದಿನವೂ ಸಂಜೆ ಆ ಸಾಲು ಹಸಿರಾಗಿ ಕಾಣುತ್ತಿತ್ತು. ಅವಳು ನೋಡಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಅಳು ಬರುತ್ತಿರಲಿಲ್ಲ. ಹಸಿವೂ ಅಷ್ಟಕ್ಕಷ್ಟೇ.

ಅವತ್ತು ಇಂಜಿನಿಯರ್ ಬಂದು ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. ಅವಳಿಗಿಂತ ಚಿಕ್ಕವನು.

"ಅಕ್ಕ, ನಿಮ್ಮ ಬೀದಿ ಕೊನೇ ಮನೆಗೆ ಹೊಸಬರು ಬಂದಿದಾರೆ. ಮಗುಗೆ ಉಸಿರಿನ ಯಂತ್ರ. ಸಂಜೆ ನಾವು ತಗ್ಗಿಸಿದಾಗೆಲ್ಲ ಅದು ನಿಂತುಹೋಗತ್ತಂತೆ. ಆ ತಾಯಿ ಮೂರು ಸಲ ಫೋನ್ ಮಾಡಿದ್ರು."

"ಆರೂ ಭರ್ತಿ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಹೌದಕ್ಕ. ನಾನೇ ತೆಗೀಬಹುದಿತ್ತು. ನಿಮ್ಮನ್ನ ಕೇಳದೆ ಬೇಡ ಅನ್ನಿಸ್ತು."

"ಟೈಮೆಷ್ಟು?"

"ಐದೂವರೆ. ಇನ್ನರ್ಧ ಗಂಟೇಲಿ ತಗ್ಗಿಸೋಕೆ ಶುರು."

ಲೋಡಕ್ಕ ನಾಲ್ಕನೆಯ ಸಾಲನ್ನು ಒತ್ತಿದಳು. ಪಟ್ಟಿಯಿಂದ ತೆಗೆಯಲು ಪರದೆ ಕಾರಣ ಕೇಳಿತು. ಖಾಲಿ ಬಿಟ್ಟಳು; ಒಪ್ಪಲಿಲ್ಲ. ಒಂದು ಚುಕ್ಕಿ ಹಾಕಿದಳು, ಒಪ್ಪಿತು. ಆ ಜಾಗದಲ್ಲಿ ಕೊನೆಯ ಮನೆಯನ್ನು ಸೇರಿಸಿದಳು.

ಆಮೇಲೆ ಅವಳೇ ಮಗುವಿನ ತಾಯಿಗೆ ಫೋನ್ ಮಾಡಿದಳು.

"ಇವತ್ತಿಂದ ನಿಮ್ಮನೆ ಕರೆಂಟ್ ತಗ್ಗಿಸಲ್ಲಮ್ಮ. ಯಂತ್ರ ನಿಲ್ಲಲ್ಲ."

"ಜಾಗ ಇಲ್ಲ ಅಂದಿದ್ರಲ್ಲ?"

"ಒಂದು ಮನೆಯವರಿಗೆ ಇನ್ನು ಬೇಡ."

"ಗುಣ ಆಯ್ತಾ ಅವರಿಗೆ? ಪುಣ್ಯವಂತರು."

"ಹೂಂ" ಎಂದಳು ಲೋಡಕ್ಕ. "ಯಂತ್ರದ ಹಿಂದೆ ಒಂದು ನಂಬರ್ ಇರತ್ತೆ, ಪಟ್ಟಿಗೆ ಬೇಕು, ಓದಿ ಹೇಳಿ. ನಿಧಾನಕ್ಕೆ."