ಪರ್ವತಯ್ಯ ಮೇಷ್ಟ್ರ ಕೊನೆಯ ಹಾಳೆ

ಮಧುಗಿರಿಯ ಪರ್ವತಯ್ಯ ಮೇಷ್ಟ್ರು ಮಕ್ಕಳಿಗೆಂದು ಬರೆದದ್ದು ಒಂದೇ ಪುಸ್ತಕ, ಅದೂ ಅಚ್ಚಾಗಲಿಲ್ಲ. ಆದರೂ ಬೆಟ್ಟದ ಕೆಳಗಿನ ನಮ್ಮ ಕೇರಿಯಲ್ಲಿ ಅವರ ನರಿಯನ್ನು ಅರಿಯದ ಮಗುವನ್ನು ನಾನು ಕಂಡಿಲ್ಲ. ಅದರ ಪುಣ್ಯವೆಲ್ಲ ಅವರ ಹೆಂಡತಿಯ ಕೋಪಕ್ಕೆ ಸೇರಬೇಕು.

ಬುಕ್ಕಾಪಟ್ಟಣದ ಕುರುಚಲು ಕಾಡಿನ ನರಿಯೊಂದು ಊರಿಗೆ ಬಂದು, ಅಜ್ಜಿಯೊಬ್ಬಳ ರೊಟ್ಟಿ ಕದ್ದು, ಸೌಟಿನ ಏಟು ತಿಂದು ಓಡುವ ಕಥೆ ಅದು. ಮೇಷ್ಟ್ರು ವರ್ಷವಿಡೀ ಕೂತು ನೋಟುಬುಕ್ಕಿನಲ್ಲಿ ಬರೆದು, ತುಮಕೂರಿನ ಅಚ್ಚುಕೂಟಕ್ಕೆ ಕಳಿಸುವುದರಲ್ಲಿದ್ದರು. ಅಷ್ಟರಲ್ಲಿ ಹೆಂಡತಿ ಜಗದಾಂಬ ಓದಿದರು. ಅಕ್ಷರ ಕಲಿಸಿದ್ದು ಗಂಡನೇ, ಅನುಭವಿಸಲಿ. ಅಜ್ಜಿಯ ಮೂಗುತಿ, ಗೊಣಗಾಟ, ಸೌಟು ಹಿಡಿಯುವ ಎಡಗೈ, ಎಲ್ಲ ತಮ್ಮದೇ. ಕೊನೆಯ ಹಾಳೆ ಮುಟ್ಟುವಷ್ಟು ತಾಳ್ಮೆ ಉಳಿಯಲಿಲ್ಲ. ಮೇಷ್ಟ್ರು ಶಾಲೆಗೆ ಹೋದದ್ದೇ ತಡ, ನೋಟುಬುಕ್ಕನ್ನು ಮಹಾಲಿಂಗಯ್ಯನ ಅಂಗಡಿಗೆ ರದ್ದಿಗೆ ಹಾಕಿಬಿಟ್ಟರು.

ಮಹಾಲಿಂಗಯ್ಯ ಅದರ ಹಾಳೆ ಹರಿದು ಹುರಿಗಡಲೆ ಕಟ್ಟಿದ. ನನ್ನ ಪೊಟ್ಟಣದಲ್ಲಿ ನರಿ ಬಾವಿಗೆ ಬಿದ್ದಿತ್ತು. ಪಕ್ಕದ ಮನೆಯ ಪುಟ್ಟಕ್ಕನದರಲ್ಲಿ ಮೇಲೆ ಬಂದಿತ್ತು. ಮೇಷ್ಟ್ರ ಅಕ್ಷರ ಗುರುತು ಸಿಕ್ಕಿತು. ಹಾಳೆಯ ಆಸೆಗೆ ಹುಡುಗರೆಲ್ಲ ಕಡಲೆ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡೆವು. ತಿಂಗಳಲ್ಲಿ ಮೂವತ್ತೊಂದು ಹಾಳೆ ಸೇರಿದವು. ಕೊನೆಯದೊಂದು ಸಿಗಲೇ ಇಲ್ಲ.

ಎಲ್ಲವನ್ನೂ ಮೇಷ್ಟ್ರ ಮುಂದೆ ಹರವಿ, ಆಮೇಲೆ ಏನಾಯಿತೆಂದು ಕೇಳಿದೆವು.

"ನರಿ ಸಿರಾಕ್ಕೆ ಹೋಗಿ ಪೈಲ್ವಾನ್ ಆಯ್ತು" ಅಂದರು. ಮರುದಿನ ಅದು ಪಾವಗಡದಲ್ಲಿ ತೆಲುಗು ಕಲಿಯುತ್ತಿತ್ತು. ಮೀಸೆಗಂಟಿದ ಬೆಣ್ಣೆ ಒರೆಸಿಕೊಳ್ಳುತ್ತ ಹದಿನಾಲ್ಕು ವರ್ಷ ದಿನಕ್ಕೊಂದು ಸುಳ್ಳು ಹೇಳಿದರು. ನಿಜವಾದದ್ದನ್ನು ಬರೆದುಕೊಡಿ, ಅಚ್ಚು ಹಾಕಿಸೋಣ ಎಂದರೆ, "ಅದು ನಿಮಗೆ ಬರ್ದಿದ್ದಲ್ಲ ಕಣ್ಲಾ" ಎನ್ನುತ್ತಿದ್ದರು.

ಯಾರಿಗೆ ಬರೆದದ್ದೆಂದು ನನಗೆ ಗೊತ್ತಿತ್ತು. ಓದಬೇಕಾದವರು ಓದದೆ ಎಸೆದರಲ್ಲ ಎಂದು ಜಗದಾಂಬನವರ ಮೇಲೆ ನನಗೆ ತೀರದ ಸಿಟ್ಟಿತ್ತು. ಮೇಷ್ಟ್ರು ತೀರಿಕೊಂಡ ವರ್ಷ ಹೋಗಿ ಹಾಗೆಂದು ಮುಖದ ಮೇಲೇ ಅಂದೆ.

ಆಕೆ ಒಳಗಿಂದ ಕುಂಕುಮದ ಭರಣಿ ತಂದು, ಮಡಿಸಿಟ್ಟ ಹಾಳೆಯೊಂದನ್ನು ಕೈಗಿಟ್ಟರು. ಏಟು ತಿಂದ ನರಿ ಊರೂರು ಸುತ್ತಿ, ಎಲ್ಲರ ಮನೆಯ ರೊಟ್ಟಿ ತಿಂದು ನೋಡಿ, ಅಜ್ಜಿಯ ಬಾಗಿಲಿಗೇ ಬಂದು ಕೂತಿತ್ತು. 'ಹೊಡೆದರೂ ಸರಿ, ರೊಟ್ಟಿ ಮಾತ್ರ ನಿನ್ನ ಕೈಯದೇ ಬೇಕು' ಎಂದಿತ್ತು.

"ಮೊದಲ್ನೇ ವಾರವೇ ನಮ್ಮನೆ ಪೊಟ್ಟಣದಾಗೇ ಬಂದಿತ್ತು" ಅಂದರು.

"ಮೇಷ್ಟ್ರಿಗೆ ಹೇಳ್ಲಿಲ್ವಾ?"

"ಹೇಳಿದ್ರೆ ನಾನು ಸೋತಂಗಲ್ವಾ? ಅವತ್ತಿಂದ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕ್ದೆ. ಅವ್ರೇನು ದಡ್ರಾ?"

ಹದಿನಾಲ್ಕು ವರ್ಷ ಆ ಮೀಸೆಯ ಬೆಣ್ಣೆಯನ್ನು ದಿನವೂ ನೋಡಿದ್ದೆ. ದಡ್ಡ ನಾನೇ.