ಕೊನೆಯ ಕಂಬ

ಸರ್ ಅವರ ಎಡ ಮುಂಗೈ ಮೇಲೆ ಹಗ್ಗ ಉಜ್ಜಿದ ಎರಡು ಬಿಳಿ ಗೆರೆಗಳಿದ್ದವು. ಸೊರಬದಲ್ಲಿ ಟೆಲಿಫೋನ್ ಕಂಬ ಹತ್ತುತ್ತಿದ್ದ ಕಾಲದವು. ನಿವೃತ್ತರಾದ ಮೇಲೆ ಶಿಕಾರಿಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟರು. ಎರಡೂ ತಾಲ್ಲೂಕಿನ ರಕ್ತದಾನಿಗಳ ಹೆಸರು, ನಂಬರ್ ಇರುವ ವೆಬ್‌ಸೈಟ್ ಅಲ್ಲಿಂದಲೇ ನಡೆಯುತ್ತಿತ್ತು. ಅಂಗಡಿಯಲ್ಲಿ ಕೆಲಸಕ್ಕಿದ್ದು ಅದರ ಸರ್ವರ್ ನೋಡಿಕೊಳ್ಳುವವಳು ನಾನು. ಆ ಜಂಬವೂ ಇತ್ತೆನ್ನಿ.

ಪುಟ ಬೇಗ ತೆರೆಯಲೆಂದು ಅದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು ಕೊಡುವ ಕ್ಯಾಶ್ ತಂತ್ರಾಂಶ ಹಾಕಿದ್ದೆ. ಹಾಳಾದ್ದು, ದಿನಕ್ಕೆರಡು ಸಲ ಕೆಲಸ ನಿಲ್ಲಿಸಿ ಬೀಳುತ್ತಿತ್ತು. ಬಿದ್ದ ಕೂಡಲೇ ತಾನೇ ಏಳುವಂತೆ ಮಾಡಿ ಕೈ ತೊಳೆದುಕೊಂಡೆ.

"ಎಬ್ಬಿಸೋದು ದೊಡ್ಡದಲ್ಲ ಕಣಮ್ಮಾ, ಯಾಕೆ ಬಿತ್ತು ಅಂತ ನೋಡು" ಎನ್ನುತ್ತಿದ್ದರು ಸರ್. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಹೊಸಬಾಳೆಯಿಂದ ಒಬ್ಬ ಹೆಂಗಸು ಬಂದರು. ನಮ್ಮ ಪಟ್ಟಿಯಲ್ಲಿದ್ದ ಅವರ ಗಂಡ ತೀರಿಹೋಗಿ ತಿಂಗಳಾಗಿತ್ತು.

"ರಕ್ತ ಕೊಡ್ತಾರಾ ಅಂತ ಇನ್ನೂ ಫೋನ್ ಬರ್ತವ್ರೀ. ಅವರಿಲ್ಲ ಅಂತ ದಿನಾ ಎಷ್ಟ್ ಜನಕ್ಕೆ ಹೇಳ್ಲಿ?"

"ಸುದ್ದಿ ಬಂದ ದಿನಾನೇ ಹೆಸರು ಅಳಿಸಿದೀನಲ್ರೀ" ಎಂದು ನನ್ನ ಪರದೆಯಲ್ಲಿದ್ದ ಪಟ್ಟಿ ತೋರಿಸಿದೆ. ಅವರು ತಮ್ಮ ಫೋನ್ ಮುಂದಿಟ್ಟರು. ಅದರಲ್ಲಿ ತೆರೆದಿದ್ದ ನಮ್ಮ ಪುಟದಲ್ಲಿ ಹೆಸರಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪು ನಮ್ದು ತಾಯಿ" ಎಂದು ಸರ್ ಅವರಿಗೆ ಕುರ್ಚಿ ಹಾಕಿದರು. ನನ್ನ ಕಡೆ ಬೊಟ್ಟು ಮಾಡಲಿಲ್ಲ. ಆಮೇಲೆ ನನಗೆ ಹೇಳಿದರು: "ಲೈನ್ ಸತ್ರೆ ಕಂಬದಿಂದ ಕಂಬಕ್ಕೆ ನಡೀಬೇಕು. ಎಲ್ಲೀತನಕ ಸರಿ ಇದೆ, ಹೇಳು."

ಮೂಲ ಪಟ್ಟಿ ಸರಿಯಿತ್ತು. ಸರ್ವರ್ ಕೊಡುವ ಪುಟವೂ ಸರಿ. ಕ್ಯಾಶ್ ಹೊರಗೆ ಕಳಿಸುವ ಪುಟದಲ್ಲಿ ಮಾತ್ರ ಆ ಹೆಸರು! ಯಂತ್ರದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮೆಮೊರಿ ಬಳಸಲು ನಾನೇ ಅದಕ್ಕೆ ಬಿಟ್ಟಿದ್ದೆ. ಸಾಲದೆ ಬೀಳುತ್ತಿತ್ತು. ಎದ್ದಾಗಲೆಲ್ಲ ಡಿಸ್ಕಿನಲ್ಲಿ ಉಳಿದ ಹಳೆಯ ಪ್ರತಿಯನ್ನೇ ಕೊಡುತ್ತಿತ್ತು. ಎರಡನ್ನೂ ಸರಿಪಡಿಸಿದೆ.

ಎಂಟು ದಿನ ಬಿಟ್ಟು ಸರ್ ನನ್ನನ್ನೂ ಕರೆದುಕೊಂಡು ಹೊಸಬಾಳೆಗೆ ಹೊರಟರು. "ಇಲ್ಲಿಂದಾನೇ ನೋಡಬಹುದಲ್ಲ ಸರ್?" ಎಂದೆ.

"ನಮ್ಮ ಪರದೇಲಿ ಸರಿ ಇದ್ರೆ ಆಗ್ಲಿಲ್ಲ ಕಣಮ್ಮಾ. ಕೊನೇ ಕಂಬ ಅವರ ಮನೆ ಮುಂದಿದೆ."

ಆ ಹೆಂಗಸಿನ ಫೋನಿನಲ್ಲೇ ಪುಟ ತೆರೆದು ನೋಡಿದ ಮೇಲೆಯೇ ಸರ್ ಚಹಾ ಮುಟ್ಟಿದ್ದು. ಎಂಥಾ ಮನುಷ್ಯ!

ಸರ್ ಹೋದ ವರ್ಷ ತೀರಿಕೊಂಡರು. ಪುಟದ ಕೆಳಗೆ, ಸಂಪರ್ಕಕ್ಕೆಂದು ಅವರ ಹೆಸರು, ಮನೆಯ ಫೋನ್ ನಂಬರ್ ಇದ್ದವು. ಅಳಿಸಿದೆ. ಪಟ್ಟಿ, ಸರ್ವರ್, ಕ್ಯಾಶ್ ಎಲ್ಲ ನೋಡಿದೆ. ಆಮೇಲೆ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಫೋನಿನಲ್ಲಿ ಪುಟ ತೆರೆದೆ. ಹೆಸರಿರಲಿಲ್ಲ.

"ಸರಿ ಇದೆಯೇನಮ್ಮಾ?" ಎಂದು ಕೇಳಿದರು ಆಕೆ.

"ಸರಿ ಇದೆ ಅಮ್ಮಾ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.